ಕುಣಿಕೆ ಬಿದ್ದ ಮೇಲಿನ ಎರಡು ಸೆಕೆಂಡು: ಅಂಗವೈಕಲ್ಯವಿರುವವರಿಗೆ ರೋಡಿಯೋ ರೋಪಿಂಗ್ ಮಾರ್ಗದರ್ಶಿ

ಕುದುರೆಯ ಮೇಲಿಂದ ಹಗ್ಗದ ಕುಣಿಕೆ ಎಸೆದು ದನ ಅಥವಾ ಕರುವನ್ನು ಹಿಡಿಯುವುದೇ ರೋಪಿಂಗ್; ಅಮೆರಿಕದ ಕೌಬಾಯ್ ಕ್ರೀಡೆಯಾದ ರೋಡಿಯೋದ ಒಂದು ಭಾಗ. ಗಾಲಿಕುರ್ಚಿಯಲ್ಲಿರುವವರು ಇದನ್ನು ಕಲಿಯಬಹುದೇ? ಮೊಣಕಾಲ ಕೆಳಗೆ ಕೃತಕ ಕಾಲಿದ್ದರೆ? ಒಂದೇ ಕೈ ಇದ್ದರೆ? ಟೆಕ್ಸಸ್, ಅರಿಝೋನಾ ಕಡೆ ನೆಲೆಸಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಚುಟುಕಾಗಿ ಹೇಳುವುದಾದರೆ, ಕಲಿಯಬಹುದು. ಆದರೆ ರೋಪಿಂಗ್‌ನಲ್ಲಿ ಹಲವು ಬಗೆಗಳಿವೆ, ಎಲ್ಲವೂ ಎಲ್ಲರಿಗೂ ಆಗಿಬರುವುದಿಲ್ಲ.

ಹೊಸಬರು ಹಗ್ಗ ಎಸೆಯುವುದೇ ಕಷ್ಟ ಅಂದುಕೊಂಡಿರುತ್ತಾರೆ. ಎಸೆತವನ್ನು ಕುಳಿತೇ ಕಲಿಯಬಹುದು. ತೊಡಕಿರುವುದು ಕುಣಿಕೆ ಬಿದ್ದ ನಂತರದ ಎರಡು ಸೆಕೆಂಡಿನಲ್ಲಿ. ಹಗ್ಗದ ಒಂದು ತುದಿಯಲ್ಲಿ 500 ಕಿಲೋದ ಕುದುರೆ, ಇನ್ನೊಂದು ತುದಿಯಲ್ಲಿ 200 ಕಿಲೋಗೂ ಮೀರಿದ ದನ, ಬಿಗಿದ ಹಗ್ಗದ ಪಕ್ಕದಲ್ಲೇ ನಿಮ್ಮ ಕೈ. ಆ ಎರಡು ಸೆಕೆಂಡಿನಲ್ಲಿ ನಿಮ್ಮ ದೇಹಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ನೋಡಿಕೊಂಡೇ ಸ್ಪರ್ಧೆ, ಜೀನು, ಕುದುರೆ ಎಲ್ಲವನ್ನೂ ಆರಿಸಬೇಕು.

1. ಮೊದಲು ವೈದ್ಯರ ಹತ್ತಿರ, ಸರಿಯಾದ ಪ್ರಶ್ನೆಗಳೊಂದಿಗೆ

"ಕುದುರೆ ಹತ್ತಬಹುದಾ?" ಎಂದು ಕೇಳಿದರೆ ಹೆಚ್ಚಿನ ವೈದ್ಯರು ಬೇಡ ಎಂದೇ ಹೇಳುತ್ತಾರೆ. ಅದರ ಬದಲು ಬಿಡಿಬಿಡಿಯಾಗಿ ಕೇಳಿ. ಬೆನ್ನುಮೂಳೆಗೆ ಹಾಕಿದ ರಾಡು ಗಟ್ಟಿಯಾಗಿ ಕೂತಿದೆಯೇ? ಬಳಸದ ಕಾಲಿನ ಮೂಳೆ ಎಷ್ಟು ಟೊಳ್ಳಾಗಿದೆ? ಇದಕ್ಕೆ ಮೂಳೆ ಸಾಂದ್ರತೆಯ ಪರೀಕ್ಷೆಯಿದೆ. ಕುದುರೆಯ ಬೆನ್ನಿನಷ್ಟು ಅಗಲಕ್ಕೆ ಸೊಂಟದ ಕೀಲು ತೆರೆಯುತ್ತದೆಯೇ? ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್, ಹೊಟ್ಟೆಯಲ್ಲಿಟ್ಟ ಔಷಧಿ ಪಂಪು ಇದ್ದರೆ ನೀವಾಗಿಯೇ ಹೇಳಿ.

ಬೆನ್ನುಹುರಿಗೆ ಎದೆಮಟ್ಟದ 6ನೇ ಕಶೇರುಕ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ಎರಡು ಅಪಾಯಗಳು ಗೊತ್ತಿರಲೇಬೇಕು. ಒಂದು, ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಸ್ಪರ್ಶ ತಿಳಿಯದ ಜಾಗದಲ್ಲಿ ಏನಾದರೂ ಕಾಟ ಕೊಟ್ಟರೆ, ಉದಾಹರಣೆಗೆ ಮೂತ್ರಕೋಶ ತುಂಬಿದರೆ ಅಥವಾ ಬೆಲ್ಟು ಬಿಗಿಯಾದರೆ, ರಕ್ತದೊತ್ತಡ ಧಿಡೀರನೆ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಬೆವರು ಇದರ ಗುರುತು. ಕೂಡಲೇ ಕೆಳಗಿಳಿಸಿ, ನೆಟ್ಟಗೆ ಕೂರಿಸಿ, ಪಟ್ಟಿಗಳನ್ನೆಲ್ಲ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ನೋಡಬೇಕು. ರಕ್ತದೊತ್ತಡ ಇಳಿಯದಿದ್ದರೆ ಆಂಬ್ಯುಲೆನ್ಸ್. ಇನ್ನೊಂದು, ಬಿಸಿಲು. ಪೆಟ್ಟಾದ ಜಾಗದಿಂದ ಕೆಳಗೆ ದೇಹ ಸರಿಯಾಗಿ ಬೆವರುವುದಿಲ್ಲ, ಆದ್ದರಿಂದ ತಣಿಯುವುದೂ ಇಲ್ಲ. ಟೆಕ್ಸಸ್‌ನ ಜುಲೈ–ಆಗಸ್ಟ್‌ನಲ್ಲಿ ಅಭ್ಯಾಸ ಬೆಳಗಿನ ಹೊತ್ತಿನಲ್ಲಿ ಮಾತ್ರ, ನೀರು ಚಿಮುಕಿಸುವ ಬಾಟಲಿಯೊಂದಿಗೆ.

ಮೊದಲ ಸಲ ಯಾವುದಾದರೂ ಥೆರಪ್ಯೂಟಿಕ್ ರೈಡಿಂಗ್ ಕೇಂದ್ರದಲ್ಲಿ, ಅಂದರೆ ಅಂಗವೈಕಲ್ಯವಿರುವವರಿಗೆ ಕುದುರೆ ಸವಾರಿ ಕಲಿಸುವ ಕೇಂದ್ರದಲ್ಲಿ, ಹತ್ತುವುದು ಒಳ್ಳೆಯದು. 1969ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಪಾತ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇಂಥ ಕೇಂದ್ರಗಳಿಗೂ ತರಬೇತುದಾರರಿಗೂ ಮಾನ್ಯತೆ ಕೊಡುತ್ತದೆ. ಅಲ್ಲಿ ರ‍್ಯಾಂಪ್ ಇರುತ್ತದೆ, ಪಕ್ಕದಲ್ಲಿ ಹಿಡಿದು ನಡೆಯುವವರಿರುತ್ತಾರೆ. ರೋಪಿಂಗ್ ಕಲಿಸುವುದಿಲ್ಲ. ಜೀನಿನ ಮೇಲೆ ನಿಮ್ಮ ಮುಂಡ ಎಷ್ಟು ನಿಲ್ಲುತ್ತದೆ ಎಂಬುದು ಮಾತ್ರ ಹತ್ತು ತರಗತಿಯೊಳಗೆ ನಿಮಗೇ ತಿಳಿದುಹೋಗುತ್ತದೆ.

2. ಸ್ಪರ್ಧೆ ಆರಿಸುವುದು

ಇಲ್ಲಿ ಆತುರ ಬೇಡ. ಮುಂದಿನ ಖರ್ಚೆಲ್ಲ ಈ ಆಯ್ಕೆಯ ಮೇಲೆ ನಿಂತಿದೆ.

ಬ್ರೇಕ್‌ಅವೇ ರೋಪಿಂಗ್: ಹಗ್ಗದ ಬಾಲವನ್ನು ಜೀನಿನ ಮುಂದಿನ ಗೂಟಕ್ಕೆ, ಅಂದರೆ ಹಾರ್ನ್‌ಗೆ, ತೆಳ್ಳನೆಯ ದಾರದಿಂದ ಕಟ್ಟಿರುತ್ತಾರೆ. ಗಂಟಿನ ಪಕ್ಕದಲ್ಲಿ ಬಣ್ಣದ ಬಟ್ಟೆಯ ತುಂಡು. ಕುಣಿಕೆ ಕರುವಿನ ತಲೆ ದಾಟಿ ಕೊರಳಿಗೆ ಬಿದ್ದು, ಕುದುರೆ ನಿಂತು, ಕರು ಮುಂದೋಡಿದಾಗ ದಾರ ಪಟ್ಟನೆ ಕಿತ್ತು ಬರುತ್ತದೆ. ಗಡಿಯಾರ ಅಲ್ಲಿಗೆ ನಿಲ್ಲುತ್ತದೆ. ಕೆಳಗಿಳಿಯುವಂತಿಲ್ಲ, ಹಗ್ಗ ಸುತ್ತುವಂತಿಲ್ಲ, ಎಳೆತ ತಡೆಯುವ ಕೆಲಸವೂ ಇಲ್ಲ. ಕಾಲಿಗೆ ಬಲವಿಲ್ಲದವರಿಗೂ ಒಂದು ಕೈಯವರಿಗೂ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ತೊಂದರೆ ಒಂದೇ: ವೃತ್ತಿಪರ ಮಟ್ಟದಲ್ಲಿ ಇದು ಮಹಿಳೆಯರ ಸ್ಪರ್ಧೆ. ಅವರ ರಾಷ್ಟ್ರೀಯ ಫೈನಲ್ ಶುರುವಾದದ್ದೂ 2020ರಲ್ಲಷ್ಟೇ. ಗಂಡಸರು ಸ್ಥಳೀಯ ಜ್ಯಾಕ್‌ಪಾಟ್‌ಗಳಲ್ಲಿ, ಅಂದರೆ ಪ್ರವೇಶ ಶುಲ್ಕವನ್ನೇ ಒಟ್ಟುಗೂಡಿಸಿ ಬಹುಮಾನ ಹಂಚುವ ಸಣ್ಣ ಸ್ಪರ್ಧೆಗಳಲ್ಲಿ, ಎಲ್ಲರಿಗೂ ತೆರೆದ ಬ್ರೇಕ್‌ಅವೇ ಇದೆಯೇ ಎಂದು ವಿಚಾರಿಸಬೇಕು.

ಟೀಮ್ ರೋಪಿಂಗ್: ಇಬ್ಬರ ಜೋಡಿ. ಹೆಡರ್ ದನದ ಕೊಂಬಿಗೆ ಅಥವಾ ಕೊರಳಿಗೆ ಕುಣಿಕೆ ಹಾಕಿ ಎಡಕ್ಕೆ ತಿರುಗಿಸುತ್ತಾನೆ, ಹೀಲರ್ ಹಿಂಗಾಲೆರಡನ್ನೂ ಹಿಡಿಯುತ್ತಾನೆ. ಒಂದೇ ಕಾಲು ಸಿಕ್ಕರೆ 5 ಸೆಕೆಂಡು ದಂಡ, ಆರಂಭದ ಅಡ್ಡಹಗ್ಗವನ್ನು ಮುಂಚೆಯೇ ದಾಟಿದರೆ 10 ಸೆಕೆಂಡು. ಕುಣಿಕೆ ಬಿದ್ದೊಡನೆ ಹಗ್ಗವನ್ನು ಹಾರ್ನ್‌ಗೆ ಸುತ್ತಬೇಕು. ಇದೇ ಡ್ಯಾಲಿ. ಹೆಬ್ಬೆರಳು ಮೇಲ್ಮುಖವಾಗಿರದಿದ್ದರೆ ಹಗ್ಗ ಮತ್ತು ಹಾರ್ನ್ ನಡುವೆ ಸಿಕ್ಕಿ ಬೆರಳೇ ತುಂಡಾಗುತ್ತದೆ. ಈ ಆಟದ ಹಳಬರಲ್ಲಿ ಹೆಬ್ಬೆರಳಿಲ್ಲದವರು ಸಿಗುವುದು ಸುಮ್ಮನೆ ಅಲ್ಲ. ಬೆರಳುಗಳಲ್ಲಿ ಸ್ಪರ್ಶ ಕಡಿಮೆಯಿರುವವರು, ಹಿಡಿತ ಸಡಿಲವಾಗಿರುವವರು ಡ್ಯಾಲಿಯ ತಂಟೆಗೆ ಹೋಗಲೇಬಾರದು. ಹಗ್ಗವನ್ನು ಹಾರ್ನ್‌ಗೆ ಮೊದಲೇ ಕಟ್ಟಿ, ಎಳೆದರೆ ಬಿಚ್ಚಿಕೊಳ್ಳುವ ಕ್ವಿಕ್ ರಿಲೀಸ್ ಕೊಂಡಿ ಬಳಸಲು ಕೆಲವು ಸಂಘಟನೆಗಳು ಕೆಲವರಿಗೆ ವಿನಾಯಿತಿ ಕೊಡುತ್ತವೆ. ನಿಯಮಪುಸ್ತಕದಲ್ಲಿ "ಟೈ ಆನ್" ಎಂಬ ಭಾಗ ಹುಡುಕಿ.

ಕಾಲಿಗೆ ಬಲವಿಲ್ಲದವರು ಇನ್ನೊಂದನ್ನು ಗಮನಿಸಿ. ಹೀಲರ್‌ಗೆ ಬರುವುದು ಧಕ್ಕನೆ ನಿಲ್ಲುವ ಪೆಟ್ಟು, ಮುಂಡ ಹಾರ್ನ್ ಮೇಲೆ ಬೀಳುತ್ತದೆ. ಹೆಡರ್‌ಗೆ ಬರುವುದು ಒಂದೇ ಸಮನೆ ಬಲಕ್ಕೂ ಹಿಂದಕ್ಕೂ ಎಳೆಯುವ ಸೆಳೆತ. ಹೊಟ್ಟೆಯ ಸ್ನಾಯು ಕೆಲಸ ಮಾಡದವರಿಗೆ ಎರಡನೆಯದು ಹೆಚ್ಚು ಕಷ್ಟ.

ಅಂದಹಾಗೆ, ಟೀಮ್ ರೋಪಿಂಗ್‌ನಲ್ಲಿ "ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?" ಎಂದು ಯಾರಾದರೂ ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ. ಅದು ಗಾಲ್ಫ್‌ನಲ್ಲಿರುವಂತೆ ಕೌಶಲದ ಅಂಕಿ. ಹೊಸಬರದ್ದು ಚಿಕ್ಕ ಅಂಕಿ, ನುರಿತವರದ್ದು ದೊಡ್ಡದು. ಇಬ್ಬರ ಅಂಕಿ ಕೂಡಿಸಿ ಜೋಡಿಯನ್ನು ಯಾವ ವಿಭಾಗಕ್ಕೆ ಹಾಕಬೇಕೆಂದು ತೀರ್ಮಾನಿಸುತ್ತಾರೆ.

ಟೈ ಡೌನ್ ರೋಪಿಂಗ್: ಕರುವಿಗೆ ಕುಣಿಕೆ ಹಾಕಿ, ನಿಲ್ಲುತ್ತಿರುವ ಕುದುರೆಯಿಂದ ಜಿಗಿದು, ಕರುವನ್ನು ಕೆಡವಿ, ಮೂರು ಕಾಲು ಕಟ್ಟಬೇಕು. ಕಟ್ಟು 6 ಸೆಕೆಂಡು ನಿಲ್ಲಬೇಕು. ಮೊಣಕಾಲ ಕೆಳಗೆ ಮಾತ್ರ ಕೃತಕ ಕಾಲಿದ್ದು, ಅದರಲ್ಲಿ ಓಡಿ ರೂಢಿಯಿರುವವರು ಯೋಚಿಸಬಹುದು. ಉಳಿದವರು ಬಿಟ್ಟುಬಿಡಿ.

ರ‍್ಯಾಂಚ್ ರೋಪಿಂಗ್: ಅವಸರವಿಲ್ಲದ ಆಟ. ದನಗಳ ನಡುವೆ ನಿಧಾನಕ್ಕೆ ಸಾಗಿ, ಉದ್ದ ಹಗ್ಗದಲ್ಲಿ ದೊಡ್ಡ ಕುಣಿಕೆ ಎಸೆಯುತ್ತಾರೆ. ಎಸೆತ ಎಷ್ಟು ಕಠಿಣವೋ ಅಷ್ಟು ಅಂಕ. ಹಾರ್ನ್‌ಗೆ ರಬ್ಬರಿನ ಬದಲು ಜಾರುವ ತೊಗಲು ಸುತ್ತಿರುವುದರಿಂದ ಎಳೆತ ಒಮ್ಮೆಲೇ ಬರುವುದಿಲ್ಲ. ಸಮತೋಲ ಕಡಿಮೆಯಿರುವ, ಆದರೆ ಎರಡು ಕೈಯೂ ಚೆನ್ನಾಗಿರುವ ಗಂಡಸರಿಗೆ ಇದನ್ನೇ ಮೊದಲು ಹೇಳುತ್ತೇವೆ.

3. ಹಗ್ಗ ಮತ್ತು ನೆಲದ ಅಭ್ಯಾಸ

ಹೆಡರ್ ಹಗ್ಗ 30ರಿಂದ 32 ಅಡಿ, ಹೀಲರ್ ಹಗ್ಗ 35 ಅಡಿ, ಬ್ರೇಕ್‌ಅವೇ ಹಗ್ಗ ಇನ್ನೂ ಚಿಕ್ಕದು ಮತ್ತು ತೆಳ್ಳಗೆ. ಹಗ್ಗದ ಬಿಗುವಿಗೆ ಲೇ ಎನ್ನುತ್ತಾರೆ. ಅಂಗಡಿಯಲ್ಲಿ ಎಕ್ಸ್‌ಟ್ರಾ ಸಾಫ್ಟ್, ಸಾಫ್ಟ್, ಮೀಡಿಯಮ್ ಸಾಫ್ಟ್, ಮೀಡಿಯಮ್ ಹೀಗೆ ಗುರುತು ಇರುತ್ತದೆ. ಹಿಡಿತ ಕಮ್ಮಿಯಿರುವವರು ಮೆತ್ತನೆಯದನ್ನು ಕೊಳ್ಳಿ. ಬಿಗಿ ಹಗ್ಗ ಕೈಯಲ್ಲಿ ತಿರುಚಿಕೊಂಡು ಜಾರುತ್ತದೆ. ಎಡಗೈಯಲ್ಲಿ ಎಸೆಯುವವರಿಗೆ ಹುರಿ ಉಲ್ಟಾ ಇರುವ ಹಗ್ಗ ಬೇರೆಯೇ ಸಿಗುತ್ತದೆ. ಬಲಗೈ ಹಗ್ಗದಲ್ಲಿ ಎಡಗೈ ಎಸೆತ ಕಲಿಯಲು ಹೋಗಿ ತಿಂಗಳು ಕಳೆಯಬೇಡಿ.

ಹಗ್ಗದ ತುದಿಯ ಚಿಕ್ಕ ಕಣ್ಣಿಗೆ ಹೊಂಡಾ ಎಂದು ಹೆಸರು. ಇದರೊಳಗೆ ಹಗ್ಗ ಓಡಿ ಜೀರುಕುಣಿಕೆ ಆಗುತ್ತದೆ. ಕುಣಿಕೆ ಹಿಡಿದ ಕೈಯಿಂದ ಹೊಂಡಾವರೆಗಿನ ಅಂತರ ಸ್ಪೋಕ್. ಸುಮಾರು ಒಂದೂವರೆ ಮೊಳ ಇರಲಿ. ಸ್ಪೋಕ್ ಗಿಡ್ಡವಾದರೆ ಕುಣಿಕೆ ತಲೆ ಮೇಲೆ ಮುದುಡಿಕೊಳ್ಳುತ್ತದೆ. ಕುಳಿತು ಎಸೆಯುವವರಲ್ಲಿ ನೂರಕ್ಕೆ ತೊಂಬತ್ತು ಸಲ ಕಾಣುವ ತಪ್ಪು ಇದೇ, ಏಕೆಂದರೆ ಕುಣಿಕೆ ಚಕ್ರಕ್ಕೆ ತಾಗೀತೆಂದು ಎಲ್ಲವನ್ನೂ ಗಿಡ್ಡ ಮಾಡಿಕೊಳ್ಳುತ್ತಾರೆ. ಕುಣಿಕೆಯನ್ನು ಚಿಕ್ಕದು ಮಾಡಿ, ಸ್ಪೋಕ್ ಹಾಗೇ ಇರಲಿ.

ಗಾಲಿಕುರ್ಚಿಯಲ್ಲಿ ಅಭ್ಯಾಸ ಹೀಗೆ:

ಹುಲ್ಲಿನ ಪೆಂಡಿಗೆ ಚುಚ್ಚುವ ದನದ ಪ್ಲಾಸ್ಟಿಕ್ ತಲೆಯನ್ನು 2.5 ಮೀಟರ್ ದೂರದಲ್ಲಿಡಿ. ಬ್ರೇಕ್ ಹಾಕಿ, ಹಿಂದಕ್ಕೆ ಉರುಳದಂತೆ ತಡೆಯುವ ಚಿಕ್ಕ ಗಾಲಿಗಳನ್ನು ಇಳಿಸಿ. ಬಲಗಡೆಯ ತೋಳಾಸರೆ ತೆಗೆಯಿರಿ. ಕುರ್ಚಿಯನ್ನು ಗುರಿಗೆ ನೇರವಾಗಿಡದೆ ಸ್ವಲ್ಪ ಎಡಕ್ಕೆ ತಿರುಗಿಸಿ, ಆಗ ಬಲಗೈಗೆ ಜಾಗ ಸಿಗುತ್ತದೆ. ಮೂರು ಸುತ್ತು, ನಾಲ್ಕನೆಯದಕ್ಕೆ ಎಸೆತ. ಕುಣಿಕೆಯ ಬುಡ ಬಲಗೊಂಬಿಗೆ ಬಿದ್ದು, ತುದಿ ಎಡಗೊಂಬನ್ನು ಸುತ್ತಿ ಬರಬೇಕು. ಮುಂಡ ಸುತ್ತಿನೊಂದಿಗೆ ತೂಗಾಡುತ್ತಿದ್ದರೆ ನೀವು ಭುಜದಿಂದ ತಿರುಗಿಸುತ್ತಿದ್ದೀರಿ. ಮಣಿಕಟ್ಟಿಗೆ ಇಳಿಸಿ.

ಇಪ್ಪತ್ತಿಪ್ಪತ್ತು ಎಸೆತಗಳ ಕಂತು, ನಡುವೆ ವಿಶ್ರಾಂತಿ, ದಿನಕ್ಕೆ ಐದು ಕಂತು ಸಾಕು. ಕುರ್ಚಿ ತಳ್ಳುವವರಿಗೆ ಭುಜವೇ ಕಾಲು. ರೋಪಿಂಗ್ ಹುಚ್ಚಿಗೆ ಭುಜದ ಸ್ನಾಯು ಹರಿದುಕೊಂಡರೆ ಹಾಸಿಗೆಯಿಂದ ಕುರ್ಚಿಗೆ ಬರಲೂ ಇನ್ನೊಬ್ಬರು ಬೇಕಾಗುತ್ತದೆ. ಕೈ ಎತ್ತಿದಾಗ ಭುಜದ ಮುಂಭಾಗ ಚುಚ್ಚಿದರೆ ಆ ದಿನದ ಮಟ್ಟಿಗೆ ನಿಲ್ಲಿಸಿ.

ಹತ್ತರಲ್ಲಿ ಏಳು ಬೀಳತೊಡಗಿದ ಮೇಲೆ ಮರದ ಸ್ಟ್ಯಾಂಡಿನ ಮೇಲೆ ಜೀನು ಬಿಗಿದು ಅದರ ಮೇಲೆ ಕೂತು ಎಸೆಯಿರಿ. ಕುದುರೆಯ ಎತ್ತರ ಇಲ್ಲಿ ಸಿಗುತ್ತದೆ, ಕುದುರೆಯ ಅಪಾಯ ಇರುವುದಿಲ್ಲ.

ಒಂದು ಕೈಯವರಿಗೆ: ಮಿಕ್ಕ ಹಗ್ಗದ ಸುರುಳಿಯನ್ನು ಸಾಮಾನ್ಯವಾಗಿ ಎಡಗೈಯಲ್ಲಿ ಲಗಾಮಿನ ಜೊತೆ ಹಿಡಿಯುತ್ತಾರೆ. ನೀವು ಅದನ್ನು ಜೀನಿಗೆ ಜೋಡಿಸಿದ, ಬಾಯಿ ತೆರೆದ ಕೊಕ್ಕೆಗೆ ಹಾಕಬಹುದು. ಸುರುಳಿಯನ್ನು ಮೊಂಡು ತೋಳಿಗೆ, ಹೆಗಲಿಗೆ, ಬೆಲ್ಟಿಗೆ ಎಂದೂ ಸಿಕ್ಕಿಸಬೇಡಿ. ಹಗ್ಗ ಬಿಗಿದಾಗ ಆ ಸುರುಳಿಯೂ ಕುಣಿಕೆಯೇ.

4. ಜೀನು ಮತ್ತು ಪಟ್ಟಿಗಳು

ರೋಪಿಂಗ್ ಜೀನು ಭಾರಿ, 15ರಿಂದ 20 ಕಿಲೋ. ಎತ್ತಿಡಲು ಜೊತೆಗೊಬ್ಬರು ಬೇಕು. ಹಿಂಬದಿಯ ಏರು ಎತ್ತರವಿರುವುದನ್ನು ಆರಿಸಿ. ಜೀನು ಮಾಡುವವರು ಬೇಕಿದ್ದರೆ ಬೆನ್ನಿಗೆ ಒರಗು ಸೇರಿಸಿಕೊಡುತ್ತಾರೆ.

ದೇಹವನ್ನು ಜೀನಿಗೆ ಕಟ್ಟಬೇಕೇ? ಇದರ ಬಗ್ಗೆ ಎರಡು ಪಂಗಡಗಳಿವೆ. ಥೆರಪ್ಯೂಟಿಕ್ ಕೇಂದ್ರಗಳದ್ದು ಕಟ್ಟಬೇಡಿ ಎಂಬ ನಿಲುವು: ಕುದುರೆ ಉರುಳಿದರೆ ನೀವೂ ಅಡಿಗೆ ಹೋಗುತ್ತೀರಿ. ಇತ್ತ ಯೂಟಾದ ಆಂಬರ್ಲಿ ಸ್ನೈಡರ್ ಇದ್ದಾರೆ. 2010ರ ಜನವರಿಯಲ್ಲಿ ಟ್ರಕ್ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು ಜೀನಿಗೆ ಸೀಟ್‌ಬೆಲ್ಟ್ ಹಾಕಿಸಿಕೊಂಡು ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಬ್ಯಾರೆಲ್ ರೇಸಿಂಗ್‌ಗೂ ಬ್ರೇಕ್‌ಅವೇಗೂ ಮರಳಿದರು. ಅವರು ಚಿಕ್ಕಂದಿನಿಂದ ಕುದುರೆಯ ಮೇಲೆ ಬೆಳೆದವರು ಎಂಬುದನ್ನು ಮರೆಯಬೇಡಿ. ಹೊಸಬರಿಗೆ ನಮ್ಮ ಸಲಹೆ: ಮೊದಲ ವರ್ಷ ಬಲ ಬಿದ್ದರೆ ಕಿತ್ತುಬರುವ ವೆಲ್ಕ್ರೋ ಪಟ್ಟಿ ಮಾತ್ರ. ಅದು ಸಾಲದೆ ಬೆಲ್ಟ್ ಬೇಕೇ ಬೇಕಾದರೆ, ನೀವು ಒಂದೇ ಕೈಯಲ್ಲಿ ತೆರೆಯುವಂತಿರಬೇಕು, ಪಕ್ಕದಲ್ಲಿರುವವರೂ ಕೆಳಗಿನಿಂದ ತೆರೆಯುವಂತಿರಬೇಕು.

ಪರೀಕ್ಷೆ ಮಾಡದೆ ಯಾವ ಬಕಲನ್ನೂ ನಂಬಬೇಡಿ. ಸ್ಟ್ಯಾಂಡಿನ ಮೇಲಿನ ಜೀನಿಗೆ 40 ಕಿಲೋ ಮರಳುಚೀಲವನ್ನು ಅದೇ ಬೆಲ್ಟಿನಿಂದ ಕಟ್ಟಿ, ಚೀಲವನ್ನು ಪಕ್ಕಕ್ಕೆ ಜೋತುಬಿಡಿ. ಆ ಭಾರದಲ್ಲಿ ಬಕಲು ತೆರೆಯುತ್ತದೆಯೇ ನೋಡಿ. ಭಾರವಿಲ್ಲದಾಗ ಸಲೀಸಾಗಿ ತೆರೆಯುವ ಎಷ್ಟೋ ಬಕಲುಗಳು ಇಲ್ಲಿ ಕಚ್ಚಿಕೊಳ್ಳುತ್ತವೆ.

ಪಾದ ರಿಕಾಪಿನ ಒಳಗೆ ತೂರಿ ಸಿಕ್ಕಿಕೊಳ್ಳುವುದು ಸ್ಪರ್ಶವಿಲ್ಲದ ಕಾಲಿಗೂ ಕೃತಕ ಕಾಲಿಗೂ ಸಮಾನ ಅಪಾಯ. ಮುಂಭಾಗ ಮುಚ್ಚಿದ ರಿಕಾಪು, ಅಂದರೆ ಟಪಡೆರೋ, ಹಾಕಿಸಿ. ಮೊಣಕಾಲ ಮೇಲಿಂದ ಕಾಲು ಹೋದವರಲ್ಲಿ ಅನೇಕರು ಕೃತಕ ಕಾಲು ಬಿಚ್ಚಿಟ್ಟು, ಜೀನಿಗೆ ಹೊಲಿಸಿದ ತೊಗಲಿನ ಬುಟ್ಟಿಯಲ್ಲಿ ತೊಡೆ ಇಟ್ಟು ಸವಾರಿ ಮಾಡುತ್ತಾರೆ. ಒಂದು ಕಾಲೆಂದರೆ ದೇಹದ ತೂಕದ ಸುಮಾರು 16 ಶೇಕಡ. ಅದಿಲ್ಲದಾಗ ಜೀನು ನಿಧಾನಕ್ಕೆ ಇನ್ನೊಂದು ಕಡೆಗೆ ಜಾರುತ್ತದೆ, ಕುದುರೆಯ ಬೆನ್ನು ಒಂದೇ ಪಕ್ಕದಲ್ಲಿ ಉಜ್ಜಿ ಹುಣ್ಣಾಗುತ್ತದೆ. ಖಾಲಿ ಬದಿಯ ಚೀಲದಲ್ಲಿ 2 ಕಿಲೋದಿಂದ ಶುರುಮಾಡಿ ತೂಕ ಹಾಕಿ, ಜೀನು ನೆಟ್ಟಗೆ ಕೂರುವವರೆಗೆ.

ಒತ್ತಡದ ಹುಣ್ಣಿನ ವಿಷಯ. ಮೊದಲ ಸವಾರಿ 15 ನಿಮಿಷ. ಇಳಿದ ಮೇಲೆ ಕನ್ನಡಿಯಲ್ಲಿ ಚರ್ಮ ನೋಡಿ. ಕೆಂಪು 30 ನಿಮಿಷದಲ್ಲಿ ಮಾಯವಾಗದಿದ್ದರೆ ಕುಶನ್ ಬದಲಿಸುವವರೆಗೆ ಹತ್ತಬೇಡಿ. ಜೀನ್ಸಿನ ಹಿಂಜೇಬು, ಅದರ ರಿವೆಟ್, ದಪ್ಪ ಹೊಲಿಗೆ ಎಲ್ಲವೂ ಚುಚ್ಚುತ್ತವೆ. ಹೊಲಿಗೆಯಿಲ್ಲದ ಸವಾರಿ ಪ್ಯಾಂಟೇ ಸರಿ. ತಲೆಗೆ ಎಎಸ್‌ಟಿಎಂ ಎಫ್1163 (ಕುದುರೆ ಸವಾರಿ ಹೆಲ್ಮೆಟ್‌ನ ಸುರಕ್ಷತಾ ಮಾನದಂಡ) ಗುರುತಿನ ಹೆಲ್ಮೆಟ್. ಕೌಬಾಯ್ ಟೋಪಿ ಫೋಟೊಗೆ ಇರಲಿ. ಜೀನಿಗೊಂದು ಚೂಪಾದ ಚಾಕು ಕಟ್ಟಿರಿ, ಜೊತೆಗಾರರ ಬಳಿಯೂ ಒಂದಿರಲಿ. ಸಿಕ್ಕ ಹಗ್ಗವನ್ನು ಬಿಡಿಸುತ್ತ ಕೂರಬಾರದು, ಕತ್ತರಿಸಬೇಕು.

5. ಕುದುರೆ

ವೇಗದ ಕುದುರೆ ಬೇಡ. ಹನ್ನೆರಡು ವರ್ಷ ದಾಟಿದ, ಸಾವಿರಾರು ದನಗಳ ಹಿಂದೆ ಓಡಿ ಬೇಸತ್ತ ಹಳೇ ಕುದುರೆ ಹುಡುಕಿ. ಕಾಲುಗಳನ್ನು ಪಶುವೈದ್ಯರಿಂದ ಮಡಿಸಿ ನೋಡಿಸಿಯೇ ದುಡ್ಡು ಕೊಡಿ. ನೀವು, ಜೀನು, ಮೇಲೆ ಹಾಕಿದ ತೂಕ ಎಲ್ಲ ಸೇರಿ ಕುದುರೆಯ ತೂಕದ 20 ಶೇಕಡ ಮೀರಬಾರದು.

ಕೊಳ್ಳುವ ಮುನ್ನ ನಿಮ್ಮ ಗಾಲಿಕುರ್ಚಿಯನ್ನೋ ಊರುಗೋಲನ್ನೋ ಅದರ ಸುತ್ತ ಓಡಾಡಿಸಿ, ಬೇಕೆಂದೇ ಒಮ್ಮೆ ಬೀಳಿಸಿ. ಬಲಗಡೆಯಿಂದ ಹತ್ತಿದರೂ ರ‍್ಯಾಂಪಿನ ಪಕ್ಕ ಐದು ನಿಮಿಷ ಅಲುಗದೆ ನಿಲ್ಲಬೇಕು. ಸವಾರ ಪಕ್ಕಕ್ಕೆ ವಾಲಿದರೆ ಅದು ನಿಲ್ಲುತ್ತದೆಯೋ ಓಡುತ್ತದೆಯೋ? ನಿಂತರೆ ಮಾತ್ರ ಮುಂದಿನ ಮಾತು.

ಕಾಲಿನ ಸೂಚನೆ ಕೊಡಲಾಗದವರು ಧ್ವನಿಗೆ, ಕೊರಳಿಗೆ ತಾಗುವ ಲಗಾಮಿಗೆ, ಬೇಕಾದರೆ ಉದ್ದ ಕೋಲಿನ ಸ್ಪರ್ಶಕ್ಕೆ ಕುದುರೆಯನ್ನು ಪಳಗಿಸಬೇಕು. ಎಲ್ಲಕ್ಕಿಂತ ಮುಖ್ಯ ಗುಣ ಸ್ಕೋರಿಂಗ್: ಆರಂಭದ ಕಟ್ಟೆಯೊಳಗೆ, ಅಂದರೆ ಓಟಕ್ಕೆ ಮುನ್ನ ಕುದುರೆ ಕಾಯುವ ಬೇಲಿಯ ಜಾಗದಲ್ಲಿ, ದನ ಹೊರಗೋಡಿದರೂ, ನೀವು ಹೇಳುವವರೆಗೆ ಕದಲದೆ ನಿಲ್ಲುವುದು. ಸಮತೋಲವಿಲ್ಲದ ಸವಾರರು ಬೀಳುವುದು ಹೆಚ್ಚಾಗಿ ಓಟದ ನಡುವೆ ಅಲ್ಲ, ಕುದುರೆ ತಾನಾಗಿ ಚಿಮ್ಮಿದ ಆ ಮೊದಲ ಜಿಗಿತದಲ್ಲಿ.

6. ಕುದುರೆ ಮೇಲಿಂದ ದನದವರೆಗೆ

ಕ್ರಮ ತಪ್ಪಿಸಬೇಡಿ. ನಿಂತ ಕುದುರೆಯಿಂದ ನಿಂತ ಗೊಂಬೆಗೆ. ನಂತರ ನಡೆಯುವ ಕುದುರೆಯಿಂದ. ನಂತರ ನಾಲ್ಕು ಚಕ್ರದ ಬೈಕಿನ ಹಿಂದೆ ಎಳೆಯುವ ಯಾಂತ್ರಿಕ ದನಕ್ಕೆ, ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ನಿಧಾನದ ಓಟದಲ್ಲಿ. ಪ್ರತಿ ಮೆಟ್ಟಿಲಲ್ಲೂ ಮೊದಲ ವಾರ ಹಗ್ಗವನ್ನು ಜೀನಿಗೆ ಕಟ್ಟಬೇಡಿ. ಕುಣಿಕೆ ಬಿದ್ದರೆ ಕೈಬಿಟ್ಟುಬಿಡಿ, ಹಗ್ಗ ಹೋಗಲಿ. ಬಿಡುವುದನ್ನು ಕೈಗೆ ಕಲಿಸಬೇಕು, ಏಕೆಂದರೆ ಎಡವಟ್ಟಾದಾಗ ಕೈ ತಾನಾಗಿ ಹಿಡಿಯುವುದನ್ನೇ ಮಾಡುತ್ತದೆ.

ಬ್ರೇಕ್‌ಅವೇ ದಾರದ ಬಗ್ಗೆ ಒಂದು ಎಚ್ಚರಿಕೆ. ಬಿಗಿಯಾಗಿರಲಿ ಎಂದು ಕೆಲವರು ದಾರವನ್ನು ಎರಡೆಳೆ ಮಾಡುತ್ತಾರೆ. ಆಗ ಅದು ಕಿತ್ತು ಬರುವ ಮೊದಲು ಜೀನನ್ನೇ ಎಳೆಯುತ್ತದೆ. ಒಂದೆಳೆ, ಪ್ರತಿ ಓಟಕ್ಕೂ ಹೊಸದು.

ಜೀವಂತ ದನ ಕೊನೆಗೆ. ಕೊಂಬಿನ ದನಕ್ಕೆ ಕೊಂಬುಪಟ್ಟಿ, ಅಂದರೆ ಹಗ್ಗ ಉಜ್ಜದಂತೆ ಕೊಂಬಿನ ಬುಡಕ್ಕೆ ಸುತ್ತುವ ಹೊದಿಕೆ, ಕಟ್ಟಿರಲೇಬೇಕು. ಬಾಯಿ ತೆರೆದು ಏದುಸಿರು ಬಿಡುವ ದನವನ್ನು ಮತ್ತೆ ಓಡಿಸುವ ಅಂಗಳದಲ್ಲಿ ಕಲಿಯಬೇಡಿ. ದನದ ಬಗ್ಗೆ ಉದಾಸೀನ ತೋರುವವರು ನಿಮ್ಮ ಬೆಲ್ಟಿನ ಬಗ್ಗೆಯೂ ಹಾಗೇ ಇರುತ್ತಾರೆ.

ಕಿವಿ ಕೇಳದವರಿಗೆ ಈ ಆಟ ಅಚ್ಚುಕಟ್ಟು. ಗೇಟು ತೆರೆಯಲು ಕೂಗಬೇಕಿಲ್ಲ, ತಲೆಯಾಡಿಸಿದರೆ ಸಾಕು. ಒಂದೇ ಕಣ್ಣಿನವರಿಗೆ ದೂರದ ಅಂದಾಜು ತಪ್ಪುತ್ತದೆ. ಗೊಂಬೆಯಿಂದ 3, 4, 5 ಮೀಟರಿಗೆ ಸುಣ್ಣದ ಗೆರೆ ಎಳೆದು, ಪ್ರತಿ ಗೆರೆಯಿಂದ ಗೊಂಬೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ.

7. ಸ್ಪರ್ಧೆಗೆ ಹೆಸರು ಕೊಡುವುದು

ಕನಿಷ್ಠ ಒಂದು ತಿಂಗಳು ಮುಂಚೆ ಆಯೋಜಕರಿಗೆ ಬರೆಯಿರಿ. ನಿಮ್ಮ ಸ್ಥಿತಿಯ ಕಥೆ ಬೇಡ, ಬೇಕಾದ್ದರ ಪಟ್ಟಿ ಸಾಕು: ಹತ್ತಲು ರ‍್ಯಾಂಪ್ ಇಡುವ ಜಾಗ, ಕಟ್ಟೆಯೊಳಗೆ ಒಬ್ಬ ಸಹಾಯಕ, ಜೀನಿನ ಬೆಲ್ಟಿಗೆ ಒಪ್ಪಿಗೆ, ಗಾಲಿಕುರ್ಚಿಗೆ ಹೋಗುವ ಶೌಚಾಲಯ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ "ಬನ್ನಿ, ನೋಡೋಣ" ಎಂದದ್ದು ಆ ದಿನ ಗೇಟಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆ ನಿಮ್ಮ ಬೆನ್ನಿಗಿದೆ. ನಡೆಯಲು ಕಷ್ಟವಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಅವರಿಗೆ ಗಾಡಿ ಬಳಸಲು 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು ಇದೇ ಕಾಯ್ದೆಯಡಿ. ಆಟದ ಮೂಲಸ್ವರೂಪ ಬದಲಾಗದಿದ್ದರೆ ಸೌಲಭ್ಯ ಕೊಡಬೇಕು ಎಂಬುದು ಅದರ ಸಾರ. ಹತ್ತಲು ರ‍್ಯಾಂಪ್ ಕೇಳುವುದು ಈ ಲೆಕ್ಕಕ್ಕೆ ಬರುತ್ತದೆ. ದನವನ್ನು ನಿಧಾನಕ್ಕೆ ಬಿಡಿ ಎಂದು ಕೇಳುವುದು ಬರುವುದಿಲ್ಲ. ಅಂಗಳದ ಬಾಗಿಲಲ್ಲಿ ಎಚ್ಚರಿಕೆಯ ಫಲಕ ಕಾಣುತ್ತದೆ, ಒಂದು ಕಾಗದಕ್ಕೆ ಸಹಿಯನ್ನೂ ಕೇಳುತ್ತಾರೆ. ಕುದುರೆಯಾಟದ ಸಹಜ ಅಪಾಯದ ಹೊಣೆ ನಿಮ್ಮದೇ ಎಂದು ಟೆಕ್ಸಸ್ ಸೇರಿದಂತೆ ಬಹುತೇಕ ರಾಜ್ಯಗಳ ಕಾನೂನು ಹೇಳುತ್ತದೆ. ಆದ್ದರಿಂದ ನಿಮ್ಮ ಆರೋಗ್ಯವಿಮೆ ಇಂಥ ಗಾಯಕ್ಕೆ ಹಣ ಕೊಡುತ್ತದೆಯೇ ಎಂದು ಸಹಿ ಹಾಕುವ ಮೊದಲೇ ವಿಚಾರಿಸಿ.

ಆ ದಿನ ಹತ್ತುವ ಮುನ್ನ ಮೂತ್ರಕೋಶ ಖಾಲಿ ಮಾಡಿ, ಬಕಲನ್ನು ಒಮ್ಮೆ ತೆರೆದು ಮುಚ್ಚಿ, ಜೊತೆಗಾರರಿಂದಲೂ ತೆರೆಸಿ, ಹಾರ್ನ್‌ಗೆ ಹೊಸ ದಾರ ಕಟ್ಟಿ. ನಿಮ್ಮ ಸರದಿಗೆ ಹತ್ತು ಜನ ಇರುವಾಗ ಹತ್ತಿದರೆ ಸಾಕು, ಒಂದು ಗಂಟೆ ಮೊದಲೇ ಜೀನಿನ ಮೇಲೆ ಕೂತು ಚರ್ಮ ಸವೆಸಬೇಡಿ. ಓಟ ಮುಗಿದ ಮೇಲೆ ಗೆದ್ದರೂ ಸೋತರೂ ಮೊದಲು ಕನ್ನಡಿ ತೆಗೆದು ಕೆಂಪು ನೋಡಿ, ಆಮೇಲೆ ಫಲಿತಾಂಶದ ಹಲಗೆ.